ಸಾಲ ಕಾಣುವ ಪಹಣಿಯಲ್ಲಿ ಪರಿಹಾರ ಏಕೆ ಕಾಣದು?

ಬೆಳೆ ಹಾಳಾದ ರೈತನಿಗೆ ಸರ್ಕಾರದಿಂದ ಹಣ ಬರುತ್ತದೋ ಇಲ್ಲವೋ ಎಂಬುದು ಒಂದೇ ಅಂಕಿಯ ಮೇಲೆ ನಿಂತಿದೆ: ಶೇ 33. ಹೊಲದ ಬೆಳೆಯಲ್ಲಿ ಮೂರನೇ ಒಂದು ಪಾಲು ಅಥವಾ ಅದಕ್ಕಿಂತ ಹೆಚ್ಚು ಹೋಗಿದೆ ಎಂದು ದಾಖಲಾದರೆ ಪರಿಹಾರ ಉಂಟು. ಶೇ 32 ಎಂದು ಬರೆದರೆ ಬಿಡಿಗಾಸೂ ಇಲ್ಲ. 2015ಕ್ಕೆ ಮೊದಲು ಈ ಗೆರೆ ಶೇ 50ರಲ್ಲಿತ್ತು, ಆ ವರ್ಷ ಕೇಂದ್ರ ಅದನ್ನು ಇಳಿಸಿತು. ಗೆರೆ ದಾಟಿದ ಮೇಲೆ ಹಾನಿ ಎಷ್ಟು ಎಂಬುದಕ್ಕೆ ಲೆಕ್ಕವೇ ಇಲ್ಲ. ಮೂರನೇ ಒಂದು ಪಾಲು ಕಳೆದುಕೊಂಡವನಿಗೂ ಹೊಲವೇ ಕೊಚ್ಚಿಹೋದವನಿಗೂ ಬೆಳೆಯ ಬಾಬ್ತಿನಲ್ಲಿ ಒಂದೇ ದರ. ಕೇಂದ್ರ ಗೃಹ ಸಚಿವಾಲಯ 2022ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ 8,500 ರೂಪಾಯಿ, ನೀರಾವರಿ ಬೆಳೆಗೆ 17,000, ಬಹುವಾರ್ಷಿಕ ಬೆಳೆಗೆ 22,500. ಎಷ್ಟೇ ಜಮೀನಿರಲಿ, 2 ಹೆಕ್ಟೇರಿಗೆ ಮಿತಿ. ಹೀಗಿರುವಾಗ ಆ ಒಂದು ಅಂಕಿಯನ್ನು ಬರೆದವರು ಯಾರು, ಯಾವತ್ತು ಬರೆದರು, ಏನನ್ನು ನೋಡಿ ಬರೆದರು ಎಂಬುದೇ ಇಡೀ ವ್ಯವಸ್ಥೆಯ ಜೀವಾಳ. ಪಾರದರ್ಶಕತೆಯ ಹೆಸರಿನಲ್ಲಿ ನಾವು ಇಷ್ಟು ವರ್ಷ ಬಯಲಿಗೆ ತಂದಿದ್ದು ಪಾವತಿಯ ವಿವರವನ್ನು. ಪಾವತಿಗೆ ಮೊದಲು ನಡೆಯುವ ತೀರ್ಮಾನ ಮಾತ್ರ ಇನ್ನೂ ಕಚೇರಿಯ ಒಳಗೇ ಇದೆ. ಅದನ್ನು ಸರ್ವೆ ನಂಬರ್‌ವಾರು, ಪರಿಹಾರ ಸಿಗದವರಿಗೆ ಏಕೆ ಸಿಗಲಿಲ್ಲ ಎಂಬ ಕಾರಣದ ಸಮೇತ, ಊರಿನ ಎದುರು ಇಡಬೇಕು ಎಂಬುದು ಈ ಲೇಖನದ ವಾದ.

ಮೊದಲು ಮೊತ್ತ ಎಷ್ಟು ಎಂದು ನೋಡಿಬಿಡೋಣ. ಕೋಟಿಗಳ ಸುದ್ದಿ ಓದಿ ಓದಿ ರೈತನ ಕೈಗೆ ಬರುವುದು ಎಷ್ಟೆಂಬುದೇ ಮರೆತುಹೋಗುತ್ತದೆ. ಹೆಕ್ಟೇರಿಗೆ 8,500 ಎಂದರೆ ಎಕರೆಗೆ ಸುಮಾರು 3,440. ಒಂದು ಎಕರೆ ಇಪ್ಪತ್ತು ಗುಂಟೆಯಲ್ಲಿ ಜೋಳವನ್ನೋ ತೊಗರಿಯನ್ನೋ ಬಿತ್ತಿದವನಿಗೆ 5,160 ರೂಪಾಯಿ ಆಸುಪಾಸು. ಬೀಜ, ಗೊಬ್ಬರ, ಗಳೆ ಬಾಡಿಗೆ, ಕಳೆ ಕೀಳುವ ಕೂಲಿ ಸೇರಿದರೆ ಹಾಕಿದ ಬಂಡವಾಳವೂ ಇದರಲ್ಲಿ ಹುಟ್ಟುವುದಿಲ್ಲ. ಸರ್ಕಾರದ ಕಡತದಲ್ಲೂ ಇದಕ್ಕೆ ಇನ್‌ಪುಟ್ ಸಬ್ಸಿಡಿ ಎಂದೇ ಹೆಸರು. ನಷ್ಟ ತುಂಬಿಕೊಡುವ ಮಾತು ಅಲ್ಲಿಲ್ಲ, ಮುಂದಿನ ಬಿತ್ತನೆಗೆ ಒಂದಿಷ್ಟು ಕೈಆಸರೆ ಅಷ್ಟೆ. ದರ ಸಾಲದು ಎಂದು ರಾಜ್ಯ ತನ್ನ ಬೊಕ್ಕಸದಿಂದ ಸೇರಿಸಿದ್ದೂ ಇದೆ. 2021ರ ಡಿಸೆಂಬರ್‌ನಲ್ಲಿ ಬಸವರಾಜ ಬೊಮ್ಮಾಯಿ ಸರ್ಕಾರ ಆಗಿನ 6,800 ರೂಪಾಯಿ ಮಳೆಯಾಶ್ರಿತ ದರವನ್ನು 13,600ಕ್ಕೆ ಏರಿಸಿತು. 2025ರ ಸೆಪ್ಟೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಹೊಲಗಳು ನೀರಿನಲ್ಲಿ ನಿಂತಾಗ ಸಿದ್ದರಾಮಯ್ಯ ಸರ್ಕಾರ ಹೆಕ್ಟೇರಿಗೆ 8,500 ಹೆಚ್ಚುವರಿ ಘೋಷಿಸಿತು. ಮಳೆಯಾಶ್ರಿತಕ್ಕೆ 17,000, ನೀರಾವರಿಗೆ 25,500, ಬಹುವಾರ್ಷಿಕಕ್ಕೆ 31,000 ಆಯಿತು. ದರ ಏರಿದಷ್ಟೂ ಶೇ 32 ಮತ್ತು ಶೇ 33ರ ನಡುವಿನ ಕಂದಕವೂ ಆಳವಾಗುತ್ತದೆ. ಅಂಕಿ ತಿದ್ದುವವನಿಗೆ ಅದರಲ್ಲಿ ಸಿಗುವ ಲಾಭವೂ ಅಷ್ಟೇ ಹೆಚ್ಚುತ್ತದೆ.

ತೀರ್ಮಾನದ ದಾರಿ ಕಾಣದಿದ್ದರೆ ಏನಾಗುತ್ತದೆ ಎಂಬುದಕ್ಕೆ 2023ರ ಬರಗಾಲಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಆ ವರ್ಷ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಣೆಯಾದವು. ಬೆಳೆ ಹಾನಿಯಾದ ಪ್ರದೇಶ 48 ಲಕ್ಷ ಹೆಕ್ಟೇರಿಗೂ ಹೆಚ್ಚು ಎಂದು ರಾಜ್ಯ ಲೆಕ್ಕ ಹಾಕಿತು. ಕೇಂದ್ರದ ಮುಂದೆ ಇಟ್ಟ ಬೇಡಿಕೆ 18,171.44 ಕೋಟಿ ರೂಪಾಯಿ. ಅದರಲ್ಲಿ ಬೆಳೆ ಪರಿಹಾರಕ್ಕೆಂದು ಕೇಳಿದ್ದು 4,663.12 ಕೋಟಿ; ಬಹುಪಾಲು, ಅಂದರೆ 12,577.86 ಕೋಟಿ, ಜೀವನೋಪಾಯ ಕಳೆದುಕೊಂಡ ಕುಟುಂಬಗಳ ನೆರವಿಗೆ. ಅಕ್ಟೋಬರ್ ಮೊದಲ ವಾರದಲ್ಲಿ ಕೇಂದ್ರದ ಅಂತರ ಸಚಿವಾಲಯ ತಂಡ ಬಂತು, ಜಿಲ್ಲೆಗಳನ್ನು ಸುತ್ತಿತು, ಹೋಯಿತು. ಐದಾರು ತಿಂಗಳಾದರೂ ಹಣ ಬರಲಿಲ್ಲ. 2024ರ ಮಾರ್ಚ್‌ನಲ್ಲಿ ರಾಜ್ಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಏಪ್ರಿಲ್ ಕೊನೆಗೆ ಕೇಂದ್ರದಿಂದ ಬಿಡುಗಡೆಯಾದದ್ದು ಸುಮಾರು 3,454 ಕೋಟಿ. ಹದಿನೆಂಟು ಸಾವಿರ ಕೋಟಿ ಮೂರೂವರೆ ಸಾವಿರ ಕೋಟಿ ಆದದ್ದು ಯಾವ ಲೆಕ್ಕದಲ್ಲಿ, ಯಾವ ಬಾಬ್ತಿಗೆ ಎಷ್ಟು ಒಪ್ಪಿದರು, ಎಷ್ಟು ತಳ್ಳಿದರು, ಏಕೆ? ರಾಜ್ಯದ ಪರ ವಕೀಲರು ನ್ಯಾಯಾಲಯದಲ್ಲಿ ಕೇಳಿದ್ದು ಇದನ್ನೇ: ಸ್ಥಳ ನೋಡಿಹೋದ ತಂಡ ಬರೆದ ವರದಿಯನ್ನು ಮುಂದಿಡಿ.

ಬೇಡಿಕೆ ನ್ಯಾಯವಾದದ್ದೇ. ಆದರೆ ಇದೇ ಪ್ರಶ್ನೆಯನ್ನು ಒಬ್ಬ ರೈತ ತಹಶೀಲ್ದಾರ್ ಕಚೇರಿಯಲ್ಲಿ ಕೇಳಿದರೆ ರಾಜ್ಯದ ಬಳಿ ಉತ್ತರ ಇದೆಯೇ? ನನ್ನ ಹೊಲ ನೋಡಿಹೋದವರು ಏನು ಬರೆದರು ತೋರಿಸಿ ಎಂಬುದು ಅವನ ಮಾತು. ದೆಹಲಿಯ ಎದುರು ಬೆಂಗಳೂರು ಹೇಗೆ ನಿಂತಿತ್ತೋ ತಾಲ್ಲೂಕು ಕಚೇರಿಯ ಎದುರು ರೈತ ಹಾಗೆಯೇ ನಿಂತಿದ್ದಾನೆ. ವ್ಯತ್ಯಾಸ ಇಷ್ಟೆ: ಅವನಿಗೆ ಸುಪ್ರೀಂ ಕೋರ್ಟಿಗೆ ಹೋಗುವ ಶಕ್ತಿಯಿಲ್ಲ.

ಹೊಲದಿಂದ ಖಾತೆಯವರೆಗೆ ಪರಿಹಾರ ಸಾಗುವ ದಾರಿ ಉದ್ದದ್ದು, ಕವಲುಗಳೂ ಹಲವು. ಪ್ರವಾಹದಲ್ಲಿ ಕಂದಾಯ, ಕೃಷಿ ಮತ್ತು ತೋಟಗಾರಿಕೆ ಇಲಾಖೆಯವರು ಸೇರಿ ಜಂಟಿ ಸಮೀಕ್ಷೆ ಮಾಡುತ್ತಾರೆ. ಯಾವ ಸರ್ವೆ ನಂಬರ್‌ನಲ್ಲಿ ಎಷ್ಟು ಗುಂಟೆ ಹೋಗಿದೆ ಎಂದು ತಾಕುವಾರು ಬರೆಯುತ್ತಾರೆ. ಬರದಲ್ಲಿ ಹಾಗಲ್ಲ. ಮಳೆ ಕೊರತೆ, ತೇವಾಂಶ, ಉಪಗ್ರಹದಿಂದ ಕಾಣುವ ಬೆಳೆಯ ಹಸಿರು, ಆಮೇಲೆ ಆಯ್ದ ಹಳ್ಳಿಗಳ ಹೊಲ ಪರಿಶೀಲನೆ, ಇವನ್ನೆಲ್ಲ ಸೇರಿಸಿ ಇಡೀ ತಾಲ್ಲೂಕನ್ನು ಬರಪೀಡಿತ ಎನ್ನುವುದೋ ಬೇಡವೋ ಎಂದು ತೀರ್ಮಾನಿಸುತ್ತಾರೆ. 2016ರ ಬರ ಕೈಪಿಡಿ ಹಾಕಿಕೊಟ್ಟ ಕ್ರಮ ಇದು. ಅದೇ ವರ್ಷ ಸ್ವರಾಜ್ ಅಭಿಯಾನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಳೆಯ ಕೈಪಿಡಿಯನ್ನು ಪರಿಷ್ಕರಿಸಲು ಹೇಳಿತ್ತು. ತಾಲ್ಲೂಕು ಪಟ್ಟಿಗೆ ಸೇರಿದ ಮೇಲೆ ಯಾರ ಹೊಲದಲ್ಲಿ ಏನಿತ್ತು ಎಂಬುದಕ್ಕೆ ಮೊಬೈಲ್ ಆ್ಯಪ್‌ನಲ್ಲಿ ನಡೆದ ಬೆಳೆ ಸಮೀಕ್ಷೆಯೇ ಆಧಾರ. ಅದರ ಮೇಲೆ ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶ ಕೊಡುವ ಗುರುತಿನ ಸಂಖ್ಯೆ ಎಫ್‌ಐಡಿ, ಅದಕ್ಕೆ ಜೋಡಿಸಿದ ಸರ್ವೆ ನಂಬರ್‌ಗಳು, ಆಧಾರ್, ಆಧಾರಿಗೆ ಜೋಡಣೆಯಾದ ಬ್ಯಾಂಕ್ ಖಾತೆ. ಇಷ್ಟೂ ಕೊಂಡಿಗಳಲ್ಲಿ ಒಂದು ಕಳಚಿದರೂ ಹಣ ಅಲ್ಲೇ ನಿಂತಿತು. ಸಮೀಕ್ಷೆಗೆ ಬಂದ ಹುಡುಗ ರಸ್ತೆಯಲ್ಲೇ ನಿಂತು ಫೋಟೊ ತೆಗೆದು ಹೆಸರುಕಾಳಿನ ಹೊಲವನ್ನು ಬೀಳು ಎಂದು ಹಾಕಿರಬಹುದು. ಮೂರು ಕಡೆ ತುಂಡು ಜಮೀನಿರುವವನ ಎಫ್‌ಐಡಿಗೆ ಒಂದೇ ಸರ್ವೆ ನಂಬರ್ ಸೇರಿರಬಹುದು. ಪಹಣಿಯಲ್ಲಿ ‘ಬಸಪ್ಪ’ ಎಂದಿದ್ದು ಆಧಾರಿನಲ್ಲಿ ‘ಬಸವರಾಜ’ ಎಂದಿರಬಹುದು. ಅಜ್ಜ ತೀರಿಕೊಂಡು ಇಪ್ಪತ್ತು ವರ್ಷವಾದರೂ ಪೌತಿ ಖಾತೆಯಾಗದೆ ಜಮೀನು ಅವನ ಹೆಸರಿನಲ್ಲೇ ಉಳಿದಿರಬಹುದು. ಇದರಲ್ಲಿ ಯಾವುದೂ ಕಳ್ಳತನವಲ್ಲ, ಆದರೆ ಹಣ ಬಾರದವನಿಗೆ ಎಲ್ಲವೂ ಒಂದೇ.

ರಾಜ್ಯದ ‘ಪರಿಹಾರ’ ಜಾಲತಾಣ ಈ ವಿಷಯದಲ್ಲಿ ಹಲವು ರಾಜ್ಯಗಳಿಗಿಂತ ಮುಂದಿದೆ ಎಂದು ಒಪ್ಪಲೇಬೇಕು. ಆಧಾರ್ ಸಂಖ್ಯೆಯನ್ನೋ ಎಫ್‌ಐಡಿಯನ್ನೋ ಸರ್ವೆ ನಂಬರನ್ನೋ ಹಾಕಿ ಹಣ ಯಾವ ಬ್ಯಾಂಕಿಗೆ ಹೋಗಿದೆ, ಯಾವ ದಿನ ಹೋಗಿದೆ ಎಂದು ನೋಡಬಹುದು. ‘ಬೆಳೆ ದರ್ಶಕ್’ ಆ್ಯಪ್‌ನಲ್ಲಿ ತನ್ನ ಹೊಲದ ಬೆಳೆ ಏನೆಂದು ದಾಖಲಾಗಿದೆ ಎಂದು ನೋಡಿ ಆಕ್ಷೇಪಣೆಯನ್ನೂ ಹಾಕಬಹುದು. ತಕರಾರು ಇರುವುದು ಇದರ ಸ್ವರೂಪದ ಬಗ್ಗೆ. ಪ್ರತಿಯೊಬ್ಬ ರೈತನೂ ಒಂಟಿಯಾಗಿ, ತನ್ನ ಮೊಬೈಲಿನಲ್ಲಿ, ತನ್ನೊಂದು ಹೊಲದ ಸ್ಥಿತಿ ನೋಡುತ್ತಾನೆ. ಅನ್ಯಾಯ ಗೊತ್ತಾಗುವುದು ಹೋಲಿಕೆಯಿಂದ. ಒಂದೇ ಹಳ್ಳ ಉಕ್ಕಿ ಅಕ್ಕಪಕ್ಕದ ಎರಡೂ ಹೊಲಗಳಲ್ಲಿ ಒಂದೇ ದಿನ ನೀರು ನಿಂತಿರುವಾಗ ಒಂದಕ್ಕೆ ಶೇ 60, ಇನ್ನೊಂದಕ್ಕೆ ಶೇ 20 ಎಂದು ಬರೆದಿದ್ದರೆ, ಎರಡೂ ಸಾಲು ಒಟ್ಟಿಗೆ ಕಂಡಾಗ ಮಾತ್ರ ಅದು ತಪ್ಪು ಎಂದು ಹೊಳೆಯುತ್ತದೆ. ಹಣ ಪಡೆದವರ ಪಟ್ಟಿಯೊಂದೇ ಇದ್ದರೂ ಸಾಲದು. ಪಡೆಯದವರು ಆ ಪಟ್ಟಿಯಲ್ಲಿ ಇರುವುದೇ ಇಲ್ಲ. ಹೊರಗುಳಿದವನಿಗೆ ತಾನು ಹೊರಗುಳಿದೆ ಎಂಬುದು ಗೊತ್ತು, ಏಕೆ ಎಂಬುದು ಗೊತ್ತಿಲ್ಲ. ಮೇಲ್ಮನವಿ ಹಾಕಲು ಬೇಕಾದದ್ದು ಆ ‘ಏಕೆ’.

ಇಲ್ಲಿ ಒಂದು ವಾದ ಎದುರಾಗುತ್ತದೆ, ಅದೂ ಅಧಿಕಾರಿ ವಲಯದಲ್ಲಿ ಬಲವಾಗಿ: ಆಧಾರ್ ಬಂದ ಮೇಲೆ, ಫ್ರೂಟ್ಸ್ ಬಂದ ಮೇಲೆ, ಹಣ ನೇರ ಖಾತೆಗೆ ಹೋಗುವಾಗ ಸೋರಿಕೆಗೆ ಜಾಗವೇ ಇಲ್ಲ, ಮತ್ತೇಕೆ ಪಟ್ಟಿ? ನಡುವೆ ಕೈ ಹಾಕುವವರು ಕಡಿಮೆಯಾಗಿದ್ದಾರೆ ಎಂಬುದು ನಿಜ. ಆದರೆ ಆಧಾರ್ ದೃಢಪಡಿಸುವುದು ಹಣ ಪಡೆಯುವವನು ಯಾರು ಎಂಬುದನ್ನಷ್ಟೆ. ಅವನ ಹೊಲದಲ್ಲಿ ಬೆಳೆ ಹೋಗಿತ್ತೇ ಎಂಬುದು ಅದಕ್ಕೆ ಗೊತ್ತಿಲ್ಲ. ಪಿಎಂ ಕಿಸಾನ್ ಯೋಜನೆಯಲ್ಲೂ ಹಣ ನೇರ ಖಾತೆಗೇ ಹೋಗುತ್ತಿತ್ತು. 2020ರಲ್ಲಿ ತಮಿಳುನಾಡಿನ ಹಲವು ಜಿಲ್ಲೆಗಳಲ್ಲಿ ಸುಮಾರು ಐದೂವರೆ ಲಕ್ಷ ಅನರ್ಹರ ಹೆಸರು ನುಸುಳಿ 110 ಕೋಟಿ ರೂಪಾಯಿ ಹೋಗಿದ್ದು ಬೆಳಕಿಗೆ ಬಂತು. ಇಲಾಖೆಯ ಲಾಗಿನ್ ಮತ್ತು ಪಾಸ್‌ವರ್ಡ್‌ಗಳೇ ದುರ್ಬಳಕೆಯಾಗಿದ್ದವು. ಅದೇ ಯೋಜನೆಯಲ್ಲಿ 20.48 ಲಕ್ಷ ಅನರ್ಹರಿಗೆ 1,364 ಕೋಟಿ ರೂಪಾಯಿ ಪಾವತಿಯಾಗಿದೆ ಎಂದು ಕೇಂದ್ರ ಕೃಷಿ ಸಚಿವಾಲಯ ಮಾಹಿತಿ ಹಕ್ಕಿನ ಅರ್ಜಿಗೆ ಕೊಟ್ಟ ಉತ್ತರದಲ್ಲೇ ಒಪ್ಪಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆದಾಯ ತೆರಿಗೆ ಕಟ್ಟುವವರು. ಪ್ರಕೃತಿ ವಿಕೋಪದ ಪರಿಹಾರಕ್ಕೇ ಬಂದರೆ, ಮಹಾರಾಷ್ಟ್ರದ ಜಾಲ್ನಾ ಜಿಲ್ಲೆಯ ಅಂಬಡ್ ಮತ್ತು ಘನಸಾವಂಗಿ ತಾಲ್ಲೂಕುಗಳಲ್ಲಿ ಜಮೀನೇ ಇಲ್ಲದವರ ಹೆಸರಿನಲ್ಲಿ, ಇದ್ದವರಿಗೆ ಇದ್ದದ್ದಕ್ಕಿಂತ ಹೆಚ್ಚು ವಿಸ್ತೀರ್ಣ ತೋರಿಸಿ, ಕೋಟಿಗಟ್ಟಲೆ ಹಣ ಎತ್ತಿದ ಪ್ರಕರಣ 2025ರಲ್ಲಿ ಬಯಲಾಯಿತು. ಗ್ರಾಮ ಮಟ್ಟದ ಕಂದಾಯ ನೌಕರರು ಅಮಾನತಾದರು. ಈ ಮೂರರಲ್ಲೂ ಕಂಪ್ಯೂಟರ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ಯಾರಿಗೆ ಜಮೀನಿದೆ, ಯಾರಿಗಿಲ್ಲ ಎಂದು ಹುಟ್ಟಿದಂದಿನಿಂದ ಬಲ್ಲ ಊರಿನವರ ಕಣ್ಣಿಗೆ ಮಾತ್ರ ಹಣ ಹೋಗುವ ಮೊದಲು ಪಟ್ಟಿ ಬಿದ್ದಿರಲಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಖಾಸಗಿತನದ್ದು. ನೆರವು ಪಡೆದವನ ವಿವರವನ್ನು ಜಗಜ್ಜಾಹೀರು ಮಾಡುವುದು ಸರಿಯೇ? ಕಾನೂನು ಈ ಪ್ರಶ್ನೆಗೆ 2005ರಲ್ಲೇ ಒಂದು ಉತ್ತರ ಕೊಟ್ಟಿತ್ತು. ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರತಿ ಸಾರ್ವಜನಿಕ ಪ್ರಾಧಿಕಾರವೂ ಯಾರೂ ಅರ್ಜಿ ಹಾಕದೆಯೇ ಪ್ರಕಟಿಸಬೇಕಾದ ಸಂಗತಿಗಳನ್ನು ಪಟ್ಟಿ ಮಾಡುತ್ತದೆ. ಸಬ್ಸಿಡಿ ಯೋಜನೆಗಳು ಹೇಗೆ ಜಾರಿಯಾಗುತ್ತಿವೆ, ಎಷ್ಟು ಹಣ ಮೀಸಲಿದೆ, ಫಲಾನುಭವಿಗಳ ವಿವರ ಏನು ಎಂಬುದು ಅದರಲ್ಲಿ ಸೇರಿದೆ. ಆದರೆ ಈಚೆಗೆ ಗಾಳಿ ಬೇರೆ ದಿಕ್ಕಿಗೆ ತಿರುಗಿದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂತು. ಅದು ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮಿಗೆ ತಂದ ತಿದ್ದುಪಡಿ 2025ರ ನವೆಂಬರ್‌ನಲ್ಲಿ ಜಾರಿಗೆ ಬಂತು. ವೈಯಕ್ತಿಕ ಮಾಹಿತಿಯಾದರೂ ಸಾರ್ವಜನಿಕ ಹಿತ ಇದ್ದರೆ ಕೊಡಬೇಕು ಎಂದು ಅದೇ ಕಲಮಿನಲ್ಲಿದ್ದ ಮಾತು ಹೋಯಿತು. ಸಾರ್ವಜನಿಕ ಹಿತ ಹೆಚ್ಚಿದ್ದರೆ ವಿನಾಯಿತಿ ಮೀರಿಯೂ ಕೊಡಬಹುದೆನ್ನುವ 8(2) ಉಳಿದಿದೆ ನಿಜ. ಆದರೆ ‘ಕೊಡಬಹುದು’ ಎಂಬಲ್ಲಿ ಕೊಡದೇ ಇರುವುದು ಕಚೇರಿಗೆ ಯಾವಾಗಲೂ ಸಲೀಸು. ಫಲಾನುಭವಿ ಪಟ್ಟಿ ಕೇಳಿದರೆ ‘ವೈಯಕ್ತಿಕ ಮಾಹಿತಿ’ ಎಂದು ಒಂದು ಸಾಲಿನ ಹಿಂಬರಹ ಕೊಟ್ಟು ಕೈತೊಳೆದುಕೊಳ್ಳುವ ದಾರಿ ಈಗ ತೆರೆದಿದೆ.

ಈ ಆಕ್ಷೇಪವನ್ನು ತಳ್ಳಿಹಾಕಲು ನಾನು ತಯಾರಿಲ್ಲ, ಏಕೆಂದರೆ ಅದರ ಹಿಂದೆ ಗಟ್ಟಿ ತರ್ಕವಿದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯಲ್ಲೇ. ಆ ಹಕ್ಕಿಗೆ ಮಿತಿ ಹಾಕಬೇಕಾದರೆ ಕಾನೂನಿನ ಆಧಾರ ಬೇಕು, ಉದ್ದೇಶ ನ್ಯಾಯವಾಗಿರಬೇಕು, ಕ್ರಮ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು. ಯುರೋಪಿನಲ್ಲಿ ಇದೇ ಜಗಳ ರೈತರ ಸಬ್ಸಿಡಿಯ ಮೇಲೆಯೇ ನಡೆದಿದೆ. ಐರೋಪ್ಯ ಒಕ್ಕೂಟದ ಕೃಷಿ ಸಬ್ಸಿಡಿ ಪಡೆದವರ ಹೆಸರು, ಮೊತ್ತ ಎಲ್ಲವೂ ಅಂತರ್ಜಾಲದಲ್ಲಿ ಪ್ರಕಟವಾಗುತ್ತಿತ್ತು. ಜರ್ಮನಿಯ ಹೆಸ್ಸೆ ರಾಜ್ಯದ ಕೃಷಿಕರು ಕೋರ್ಟಿಗೆ ಹೋದರು. 2010ರ ನವೆಂಬರ್‌ನಲ್ಲಿ ಒಕ್ಕೂಟದ ನ್ಯಾಯಾಲಯ, ವ್ಯಕ್ತಿಗಳ ವಿವರವನ್ನು ಹೀಗೆ ಹಿಂದುಮುಂದು ನೋಡದೆ ಪ್ರಕಟಿಸುವುದು ಅತಿಯಾಯಿತು ಎಂದು ಆ ನಿಯಮಗಳನ್ನು ರದ್ದುಮಾಡಿತು. ಕಥೆ ಅಲ್ಲಿಗೆ ಮುಗಿಯಲಿಲ್ಲ. 2013ರಲ್ಲಿ ಒಕ್ಕೂಟ ಪ್ರಕಟಣೆಯನ್ನು ಮತ್ತೆ ತಂದಿತು, ಈ ಬಾರಿ ಕಾರಣಗಳನ್ನು ವಿವರಿಸಿ, ಸಣ್ಣ ಮೊತ್ತ ಪಡೆದವರ ಹೆಸರನ್ನು ಮರೆಮಾಡಿ. ಆ ಸಣ್ಣ ಮೊತ್ತ 1,250 ಯೂರೊ ಆಸುಪಾಸು. ನಮ್ಮ ಲೆಕ್ಕದಲ್ಲಿ ಲಕ್ಷ ರೂಪಾಯಿಯ ಮೇಲೆ.

ಈ ಉದಾಹರಣೆ ನನ್ನ ವಾದಕ್ಕೇ ತಿರುಗುಬಾಣವಾಗುತ್ತದಲ್ಲ ಎಂದು ಚುರುಕು ಓದುಗರು ಕೇಳಬಹುದು. 2025ರ ಏರಿಸಿದ ದರದಲ್ಲೂ ಎರಡು ಹೆಕ್ಟೇರ್ ಅಡಿಕೆ ತೋಟದವನಿಗೆ ಸಿಗುವುದು ಗರಿಷ್ಠ 62,000. ಯುರೋಪಿನ ಅಳತೆಗೋಲು ಹಿಡಿದರೆ ಕರ್ನಾಟಕದ ಒಬ್ಬನೇ ಒಬ್ಬ ರೈತನ ಹೆಸರೂ ಪಟ್ಟಿಗೆ ಬರುವಂತಿಲ್ಲ! ಒಪ್ಪಿದೆ. ಹಾಗಾದರೆ ಹೆಸರು ಬೇಡ. ಅಲ್ಲಿ ಸಣ್ಣವರ ಹೆಸರನ್ನಷ್ಟೇ ಮುಚ್ಚಿದ್ದು. ಊರು, ಮೊತ್ತ, ಯೋಜನೆ ತೆರೆದೇ ಇವೆ, ಹೆಸರಿನ ಜಾಗದಲ್ಲಿ ಒಂದು ಸಂಕೇತ. ನಮಗೆ ಆ ಸಂಕೇತ ಹೊಸದಾಗಿ ಹುಟ್ಟುಹಾಕುವ ಕೆಲಸವೂ ಇಲ್ಲ. ಬ್ರಿಟಿಷರ ಕಾಲದಿಂದ ಪ್ರತಿ ತುಂಡು ನೆಲಕ್ಕೂ ಸರ್ವೆ ನಂಬರ್ ಇದೆ, ಹಿಸ್ಸಾ ಇದೆ. ಬೆಳೆ ಪರಿಹಾರ ಮೂಲತಃ ನೆಲಕ್ಕೆ ಅಂಟಿಕೊಂಡ ಹಣ; ಹಾನಿ ಅಳೆಯುವುದೂ ನೆಲದ ಮೇಲೆ. ಸರ್ವೆ ನಂಬರ್ ಕೊಟ್ಟರೆ ಭೂಮಿ ತಂತ್ರಾಂಶದಲ್ಲಿ ಮಾಲೀಕನ ಹೆಸರು ಸಿಗುತ್ತದಲ್ಲ ಎಂದರೆ, ಹೌದು, ಸಿಗುತ್ತದೆ. ಅಷ್ಟೇ ಏಕೆ, ಪಹಣಿಯ 11ನೇ ಕಾಲಂನಲ್ಲಿ ಯಾವ ಬ್ಯಾಂಕಿನಲ್ಲಿ, ಯಾವ ಸೊಸೈಟಿಯಲ್ಲಿ ಎಷ್ಟು ಸಾಲ ಎತ್ತಿದ್ದಾನೆ ಎಂಬುದೂ ಸಿಗುತ್ತದೆ. ಬೆಂಗಳೂರಿನಲ್ಲಿ ಕೂತವನು ಹಾವೇರಿಯ ರೈತನ ಋಣಭಾರವನ್ನು ಪುಕ್ಕಟೆ ನೋಡಬಹುದು. ರೈತನ ಸಾಲವನ್ನು ಇಪ್ಪತ್ತು ವರ್ಷದಿಂದ ಲೋಕಕ್ಕೆ ತೋರಿಸುತ್ತ ಬಂದ ಸರ್ಕಾರ, ಅವನಿಗೆ ತಾನು ಕೊಟ್ಟ ಐದು ಸಾವಿರದ ಲೆಕ್ಕ ಮಾತ್ರ ಖಾಸಗಿ ಎಂದರೆ ಕಾಪಾಡುತ್ತಿರುವುದು ಯಾರನ್ನು? ಆಧಾರ್ ಸಂಖ್ಯೆ, ಮೊಬೈಲ್, ಬ್ಯಾಂಕ್ ಖಾತೆ ಖಂಡಿತ ಮುಚ್ಚಿರಬೇಕು. ಅವುಗಳಲ್ಲಿ ಊರಿನವರಿಗೆ ಬೇಕಾದದ್ದು ಏನೂ ಇಲ್ಲ.

ಒಂದು ಸಾಲು ಹೇಗಿರಬೇಕು ಎಂದು ಊಹಿಸಿ ನೋಡಿದರೆ ವಿಷಯ ಸರಳ. ಸರ್ವೆ ನಂಬರ್ 48, ಹಿಸ್ಸಾ 2. ಬೆಳೆ ಸಮೀಕ್ಷೆಯಲ್ಲಿ ಕಂಡ ಬೆಳೆ ಹೆಸರುಕಾಳು, ಒಂದು ಎಕರೆ ಇಪ್ಪತ್ತು ಗುಂಟೆ, ಮಳೆಯಾಶ್ರಿತ. ಜಂಟಿ ಸಮೀಕ್ಷೆ ನಡೆದ ದಿನಾಂಕ, ನಡೆಸಿದವರ ಹುದ್ದೆ, ಬರೆದ ಹಾನಿ ಶೇ 25. ಪರಿಹಾರ ಇಲ್ಲ, ಕಾರಣ, ಹಾನಿ ಶೇ 33ಕ್ಕಿಂತ ಕಡಿಮೆ. ಆಕ್ಷೇಪಣೆಗೆ ಕೊನೆಯ ದಿನ ಇಂಥದ್ದು. ಇದರ ಕೆಳಗೆ 48/3, ಮೇಲೆ 48/1. ಇದರಲ್ಲಿ ಯಾವ ಮಾಹಿತಿಯೂ ಹೊಸದಾಗಿ ಸಂಗ್ರಹಿಸಬೇಕಾದದ್ದಲ್ಲ. ಪಾವತಿ ಆದೇಶ ಹೊರಡಬೇಕಾದರೆ ಇಷ್ಟೂ ಅಂಕಣ ಎಲ್ಲೋ ಒಂದು ಕಡೆ ತುಂಬಿರಲೇಬೇಕು. ಅದನ್ನು ಹಳ್ಳಿವಾರು ಬೇರ್ಪಡಿಸಿ, ಪಂಚಾಯಿತಿ ಗೋಡೆಗೆ ಅಂಟಿಸಿ, ಗ್ರಾಮಸಭೆಯಲ್ಲಿ ಓದಿಹೇಳುವುದಷ್ಟೇ ಉಳಿದಿರುವ ಕೆಲಸ. ಓದಿಹೇಳುವುದು ಮುಖ್ಯ, ಪಂಚಾಯಿತಿ ಗೋಡೆಯ ನೋಟಿಸು ಓದುವ ವ್ಯವಧಾನ ಯಾರಿಗಿದೆ ಎಂಬುದು ನಮಗೆಲ್ಲ ಗೊತ್ತು. ರಾಜಸ್ಥಾನದ ಪಾಲಿ ಜಿಲ್ಲೆಯ ಕೋಟ್‌ಕಿರಾಣಾದಲ್ಲಿ 1994ರ ಡಿಸೆಂಬರ್‌ನಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಜನಸುನವಾಯಿ (ಸಾರ್ವಜನಿಕ ವಿಚಾರಣೆ) ನಡೆಸಿ ಕಾಮಗಾರಿಯ ಮಸ್ಟರ್ ರೋಲನ್ನು ಜನರ ಮುಂದೆ ಗಟ್ಟಿಯಾಗಿ ಓದಿದಾಗ ಆದದ್ದು ಇದೇ. ಕೂಲಿಗೆ ಬಾರದವರ ಹೆಸರೂ ಅದರಲ್ಲಿದ್ದದ್ದು ಕೇಳಿದವರಿಗೆ ತಕ್ಷಣ ಗೊತ್ತಾಯಿತು. ಆ ಚಳವಳಿಯೇ ಮುಂದೆ ಮಾಹಿತಿ ಹಕ್ಕಿನ ಕಾಯ್ದೆಗೂ ಉದ್ಯೋಗ ಖಾತ್ರಿಯ ಸಾಮಾಜಿಕ ಪರಿಶೋಧನೆಗೂ ಬೇರಾಯಿತು. 2019ರಲ್ಲಿ ರಾಜಸ್ಥಾನ ಜನ ಸೂಚನಾ ಪೋರ್ಟಲ್ ತೆರೆಯಿತು, ನಮ್ಮಲ್ಲಿ ‘ಮಾಹಿತಿ ಕಣಜ’ ಬಂತು. ಕಣಜ ಇದೆ ಎಂದ ಮೇಲೆ ಈ ಕಾಳನ್ನು ಅದಕ್ಕೆ ತುಂಬುವುದು ದೊಡ್ಡ ಮಾತೇನಲ್ಲ.

ಮುಂದಿನ ಆಕ್ಷೇಪವಾಗಿ ವಿಳಂಬದ ಮಾತು ಬರುತ್ತದೆ. ಮುಂಗಾರಿಗೆ ಮೊದಲು ಕೈಗೆ ಬಾರದ ಪರಿಹಾರ ಪರಿಹಾರವೇ ಅಲ್ಲ. ಪಟ್ಟಿ, ಆಕ್ಷೇಪಣೆ, ವಿಚಾರಣೆ ಎಂದು ಕೂತರೆ ಇನ್ನೊಂದು ಬಿತ್ತನೆ ಕಳೆದುಹೋಗುತ್ತದೆ. ಬೇರೆ ಯಾವ ಆಕ್ಷೇಪಕ್ಕಿಂತ ಇದು ರೈತನ ಹೊಟ್ಟೆಗೆ ಹತ್ತಿರದ್ದು. ಆದರೆ 2023ರ ಬರದಲ್ಲಿ ಏನಾಯಿತು? ಕೇಂದ್ರದ ಹಣ ಬರಲಿಲ್ಲವೆಂದು ರಾಜ್ಯ 2024ರ ಜನವರಿಯಿಂದ ತಲಾ 2,000 ರೂಪಾಯಿವರೆಗೆ ಮೊದಲ ಕಂತು ಹಾಕಿತು. 30 ಲಕ್ಷಕ್ಕೂ ಹೆಚ್ಚು ರೈತರಿಗೆ ಅದು ತಲುಪಿತು. ಬಾಕಿ ಹಣ ಬಿದ್ದದ್ದು ಮೇ ತಿಂಗಳಲ್ಲಿ. ನಮ್ಮ ಒಂದೂವರೆ ಎಕರೆಯವನಿಗೆ ಮೊದಲು 2,000, ನಾಲ್ಕು ತಿಂಗಳ ನಂತರ 3,160. ಆ ನಾಲ್ಕು ತಿಂಗಳು ಪಟ್ಟಿಯನ್ನು ಊರೂರಲ್ಲಿ ಓದಿ ಆಕ್ಷೇಪಣೆ ಪಡೆಯಲು ಬೇಕಾದದ್ದಕ್ಕಿಂತ ಹೆಚ್ಚಾಯಿತು. ಕಂತಿನಲ್ಲಿ ಕೊಡುವ ಕ್ರಮ ಈಗಾಗಲೇ ಇರುವಾಗ ಮೊದಲ ಕಂತನ್ನು ಯಾರನ್ನೂ ಕಾಯಿಸದೆ ಹಾಕಿ, ಎರಡನೆಯದಕ್ಕೆ ಹದಿನೈದು ದಿನದ ಆಕ್ಷೇಪಣಾ ಅವಧಿ ಇಟ್ಟರೆ ಯಾರ ಬಿತ್ತನೆಯೂ ನಿಲ್ಲದು. ವಿಳಂಬ ಆಗುತ್ತಿರುವುದು ಬೆಂಗಳೂರು ಮತ್ತು ದೆಹಲಿಯ ನಡುವಿನ ಕಡತದಲ್ಲಿ, ಗ್ರಾಮಸಭೆಯಲ್ಲಲ್ಲ.

ಪಟ್ಟಿ ಹಾಕಿದರೆ ಊರಲ್ಲಿ ಜಗಳ ಎಂಬ ಮಾತೂ ಇದೆ. ಪಟ್ಟಿ ಇಲ್ಲದಿದ್ದಾಗ ಜಗಳ ಇಲ್ಲವೇ? ಅವನಿಗೆ ಬಂತಂತೆ, ಇವನಿಗೆ ಕೊಡಿಸಿದರಂತೆ ಎಂಬ ಗುಸುಗುಸು ಅರಳಿಕಟ್ಟೆಯಲ್ಲಿ ವರ್ಷವಿಡೀ ಇದ್ದೇ ಇರುತ್ತದೆ. ಅಂಕಿಯ ಮೇಲಿನ ಜಗಳ ಅಂಕಿ ತಿದ್ದಿದರೆ ಮುಗಿಯುತ್ತದೆ. ಗುಮಾನಿಯ ಜಗಳಕ್ಕೆ ಕೊನೆಯಿಲ್ಲ. ಇದರಲ್ಲಿ ನನಗೆ ನಿಜಕ್ಕೂ ಕಳವಳ ಹುಟ್ಟಿಸುವುದು ಗ್ರಾಮ ಆಡಳಿತಾಧಿಕಾರಿಯ ಪಾಡು. ಹತ್ತಾರು ಆ್ಯಪ್‌ಗಳ ಹೊರೆ ತಾಳಲಾರದೆ ಈ ನೌಕರರು 2024ರಲ್ಲಿ ಮುಷ್ಕರವನ್ನೇ ಹೂಡಿದ್ದರು. ಇವರ ಹುದ್ದೆಯನ್ನು ಪ್ರತಿ ಸಾಲಿನ ಎದುರು ಬರೆದು ಗೋಡೆಗೆ ಹಚ್ಚಿದರೆ ಮನೆ ಬಾಗಿಲಿಗೆ ಜನ ಬರುತ್ತಾರೆ, ಅದರಲ್ಲಿ ಸಂಶಯವಿಲ್ಲ. ಆದರೆ ಜನ ಈಗಲೂ ಬರುತ್ತಾರೆ. ರಾತ್ರಿ ಬಂದು, ಅಂಕಿ ಏರಿಸು ಎಂದು ಕೇಳುತ್ತಾರೆ. ಬಲವಿದ್ದವರು ಫೋನಿನಲ್ಲೇ ಕೇಳುತ್ತಾರೆ. ‘ಪಟ್ಟಿಯಲ್ಲಿ ಅಕ್ಕಪಕ್ಕದ ಹಿಸ್ಸಾಗಳೂ ಕಾಣುತ್ತವೆ ಸಾರ್, ನಿಮ್ಮದೊಂದಕ್ಕೇ 70 ಹಾಕಿದರೆ ಎದ್ದು ಕಾಣುತ್ತದೆ’ ಎಂದು ಹೇಳಲು ಪ್ರಾಮಾಣಿಕ ನೌಕರನಿಗೆ ಒಂದು ನೆಪವಾದರೂ ಸಿಕ್ಕೀತು. ಬ್ಯಾಂಕುಗಳ ವಿಷಯದಲ್ಲೂ ಹೀಗೆಯೇ. 2024ರ ಮೇ ತಿಂಗಳಲ್ಲಿ ಬರ ಪರಿಹಾರದ ಹಣವನ್ನು ಕೆಲವು ಬ್ಯಾಂಕುಗಳು ರೈತರ ಸಾಲಕ್ಕೆ ಜಮಾ ಮಾಡಿಕೊಂಡಾಗ ಸರ್ಕಾರ ಹಾಗೆ ಮಾಡಕೂಡದೆಂದು ಆದೇಶಿಸಬೇಕಾಯಿತು. ಎಷ್ಟು ಹಣ ಬರಬೇಕಿತ್ತು, ಯಾವತ್ತು ಬಂತು ಎಂದು ರೈತರಿಗೆ ಗೊತ್ತಿದ್ದರೆ ಮಾತ್ರ ಅಂಥ ದೂರುಗಳು ಹೊರಬರುತ್ತವೆ.

ಇಷ್ಟಾದರೂ ಸರ್ವೆ ನಂಬರಿನ ಪಟ್ಟಿ ಒಂದು ಸತ್ಯವನ್ನು ಹೊರಗೆಳೆದು ಎಲ್ಲರನ್ನೂ ಇಕ್ಕಟ್ಟಿಗೆ ಸಿಕ್ಕಿಸುತ್ತದೆ ಎಂಬುದನ್ನು ಮುಚ್ಚಿಡಬಾರದು. ಅನೇಕ ಕಡೆ ಪರಿಹಾರ ಪಡೆದವನು ಬೇರೆ, ಬೆಳೆ ಕಳೆದುಕೊಂಡವನು ಬೇರೆ. ದೇವರಾಜ ಅರಸು ಕಾಲದಲ್ಲಿ ಭೂಸುಧಾರಣಾ ಕಾಯ್ದೆಗೆ ತಂದ 1974ರ ತಿದ್ದುಪಡಿ ಗೇಣಿಯನ್ನು ನಿಷೇಧಿಸಿತು. ಲಕ್ಷಾಂತರ ಗೇಣಿದಾರರನ್ನು ಭೂಮಾಲೀಕರನ್ನಾಗಿ ಮಾಡಿದ ಆ ಕಾನೂನಿನಿಂದಾಗಿಯೇ ಇವತ್ತು ಲಾವಣಿಗೆ (ಗುತ್ತಿಗೆಗೆ), ಕೋರಿಗೆ (ಪಾಲಿಗೆ) ಹೊಲ ಮಾಡುವವನಿಗೆ ಕಾಗದದಲ್ಲಿ ಅಸ್ತಿತ್ವವಿಲ್ಲ. ಮಾಲೀಕ ಹುಬ್ಬಳ್ಳಿಯಲ್ಲೋ ಪುಣೆಯಲ್ಲೋ ಇರುತ್ತಾನೆ. ಬೀಜ ಹಾಕಿದವನು, ಕಳೆ ಕಿತ್ತವನು, ಮುಂಗಡವಾಗಿ ಲಾವಣಿ ಹಣ ಎಣಿಸಿಕೊಟ್ಟವನು ಊರಲ್ಲಿರುತ್ತಾನೆ. ಪರಿಹಾರ ಮಾತ್ರ ಪಹಣಿಯ ಹೆಸರನ್ನು ಹಿಂಬಾಲಿಸಿ ಪುಣೆಗೆ ಹೋಗುತ್ತದೆ. ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿದ ದಿನ ಆ ಹೊಲ ಮಾಡುವವನು ಎದ್ದು ನಿಂತರೆ, ಮುಂದಿನ ವರ್ಷ ಅವನಿಗೆ ಹೊಲವೇ ಸಿಗಲಿಕ್ಕಿಲ್ಲ. ಆಂಧ್ರಪ್ರದೇಶ 2019ರಲ್ಲಿ ಇದಕ್ಕೊಂದು ಕಾಯ್ದೆ ಮಾಡಿ ಸಾಗುವಳಿದಾರನಿಗೆ 11 ತಿಂಗಳ ಕಾರ್ಡು ಕೊಡುವ ಏರ್ಪಾಡು ಮಾಡಿತು. ಅದರಲ್ಲೂ ಮಾಲೀಕನ ಸಹಿ ಬೇಕಿತ್ತು, ಭೂಮಿ ಕೈಬಿಟ್ಟೀತೆಂದು ಸಹಿ ಹಾಕಲು ಹಿಂಜರಿದವರಿದ್ದರು. ನಮ್ಮಲ್ಲಿ ಅಂಥ ಕಾಗದವೂ ಇಲ್ಲ. ಇರುವುದು ಪಹಣಿಯ 12ನೇ ಕಾಲಂ. ಸಾಗುವಳಿ ಮಾಡುವವನ ಹೆಸರು ಬರೆಯಲೆಂದೇ ಮಾಡಿದ್ದು. ಬಹುತೇಕ ಪಹಣಿಗಳಲ್ಲಿ ಅಲ್ಲಿ ಮಾಲೀಕನ ಹೆಸರೇ ಮರುಮುದ್ರಣವಾಗಿದೆ, ಪಕ್ಕದಲ್ಲಿ ‘ಸ್ವಂತ’ ಎಂದಿದೆ. ಪರಿಹಾರದ ಪಟ್ಟಿ ಬಯಲಿಗೆ ಬಂದರೆ ಸರ್ಕಾರ ಮೊದಲು ಉತ್ತರ ಹೇಳಬೇಕಾಗಿ ಬರುವುದು ಈ ಕಾಲಂನ ಬಗ್ಗೆಯೇ.